ಇಕೋ ಮೋಡ್: ಎರಡು ಪಕ್ಷಗಳಿಗೆ ಒಂದು ಉತ್ತರ

ಕಾರಿನಲ್ಲಿರುವ ಇಕೋ ಗುಂಡಿಯ ಬಗ್ಗೆ ನಮ್ಮಲ್ಲಿ ಎರಡು ಪಕ್ಷಗಳಿವೆ. ಅದನ್ನು ಮುಟ್ಟಲೇಬೇಡಿ ಎನ್ನುವವರದು ಒಂದು ಪಕ್ಷ. ಅದು ಮಾರಾಟದ ಗಿಮಿಕ್ಕು, ಮೈಲೇಜೂ ಬರುವುದಿಲ್ಲ, ಎಂಜಿನ್ನೂ ಹಾಳು ಎಂದು ಅವರ ದೂರು. ಶೋರೂಮಿನಿಂದ ಗಾಡಿ ಹೊರಬಂದ ದಿನವೇ ಒತ್ತಿಬಿಡಿ, ಮತ್ತೆ ತೆಗೆಯಬೇಡಿ ಎನ್ನುವವರದು ಇನ್ನೊಂದು ಪಕ್ಷ. ಒಬ್ಬರಿಗೊಬ್ಬರು ವೈರಿಗಳಂತೆ ಕಾಣುವ ಈ ಇಬ್ಬರೂ ಒಂದೇ ಪ್ರಶ್ನೆಯನ್ನು ತಪ್ಪಿಸಿಕೊಳ್ಳುತ್ತಾರೆ: ಗಾಡಿ ಈಗ ಯಾವ ರಸ್ತೆಯಲ್ಲಿದೆ? ನನ್ನ ವಾದ ಇಷ್ಟೇ. ಇಕೋ ಮೋಡ್ ಬೇಕೋ ಬೇಡವೋ ಎಂಬುದನ್ನು ರಸ್ತೆಯೇ ತೀರ್ಮಾನಿಸಬೇಕು. ಎರಡೂ ಪಕ್ಷಗಳ ಮಾತನ್ನು ಒಂದೊಂದಾಗಿ ಮುಂದಿಡುತ್ತೇನೆ. ಯಾರ ಲೆಕ್ಕ ತಾಳೆಯಾಗುತ್ತದೆ ಎಂಬುದನ್ನು ಓದುಗರೇ ನೋಡಲಿ.

ಗುಂಡಿ ಒತ್ತಿದಾಗ ಆಗುವುದೇನು ಎಂಬುದರಲ್ಲಿ ಗುಟ್ಟೇನೂ ಇಲ್ಲ. ಈಗಿನ ಕಾರುಗಳಲ್ಲಿ ಆಕ್ಸಿಲರೇಟರ್‌ಗೂ ಎಂಜಿನ್ನಿಗೂ ನಡುವೆ ಹಿಂದಿನಂತೆ ಕೇಬಲ್ ಇರುವುದಿಲ್ಲ. ಕಾಲು ಎಷ್ಟು ಒತ್ತಿತು ಎಂಬುದನ್ನು ಸೆನ್ಸರ್ ಓದುತ್ತದೆ. ಎಷ್ಟು ಶಕ್ತಿ ಕೊಡಬೇಕು ಎಂಬುದನ್ನು ಕಂಪ್ಯೂಟರ್ ಹೇಳುತ್ತದೆ. ಇಕೋದಲ್ಲಿ ಅಷ್ಟೇ ಒತ್ತಿದರೂ ಕಂಪ್ಯೂಟರ್ ಕಡಿಮೆ ಶಕ್ತಿ ಕೊಡುತ್ತದೆ. ಆಟೋಮ್ಯಾಟಿಕ್ ಕಾರಾದರೆ ಮೇಲಿನ ಗೇರಿಗೆ ಬೇಗ ಏರುತ್ತದೆ, ಕೆಳಗಿನ ಗೇರಿಗೆ ತಡವಾಗಿ ಇಳಿಯುತ್ತದೆ. ಕೆಲವು ಕಾರುಗಳಲ್ಲಿ ಎಸಿ ಕಂಪ್ರೆಸರಿನ ಕೆಲಸವೂ ತಗ್ಗುತ್ತದೆ. ಟಾಟಾ ನೆಕ್ಸಾನ್‌ನಲ್ಲಿ ಇಕೋ, ಸಿಟಿ, ಸ್ಪೋರ್ಟ್. ಇನೋವಾ ಹೈಕ್ರಾಸ್ ಹೈಬ್ರಿಡ್‌ನಲ್ಲಿ ಇಕೋ, ನಾರ್ಮಲ್, ಪವರ್. ಮಹೀಂದ್ರದ ಎಕ್ಸ್‌ಯುವಿ 700 ಡೀಸೆಲ್‌ನಲ್ಲಿ ಝಿಪ್, ಝ್ಯಾಪ್, ಝೂಮ್. ಹೆಸರು ಬೇರೆಯಾದರೂ ತತ್ವ ಇದೇ. ಗಾಡಿಯ ತೂಕ, ರಸ್ತೆಯ ಏರು, ಎದುರುಗಾಳಿ ಇವನ್ನು ಗುಂಡಿ ಬದಲಿಸಲಾರದು. ಇದನ್ನು ಮರೆತದ್ದರಿಂದಲೇ ಕೆಳಗಿನ ಬಹುಪಾಲು ತಪ್ಪುಗಳು ಹುಟ್ಟಿವೆ.

ಬೇಡ ಎನ್ನುವವರ ಮೊದಲ ಮಾತು: "ಮೈಲೇಜ್ ಇರುವುದು ಡ್ರೈವರ್ ಕಾಲಿನಲ್ಲಿ, ಗುಂಡಿಯಲ್ಲಲ್ಲ. ಕಾಲು ಹಗುರವಾಗಿದ್ದರೆ ಸಾಕು." ಈ ಮಾತಿನ ಮೊದಲರ್ಧ ಸಂಪೂರ್ಣ ನಿಜ. ಒರಟು ಚಾಲನೆಯಿಂದ ಹೆದ್ದಾರಿಯಲ್ಲಿ ಶೇ 15ರಿಂದ 30, ನಿಂತು ಹೊರಡುವ ಸಂಚಾರದಲ್ಲಿ ಶೇ 10ರಿಂದ 40ರಷ್ಟು ಮೈಲೇಜ್ ಕುಸಿಯಬಹುದು ಎಂದು ಅಮೆರಿಕದ ಇಂಧನ ಇಲಾಖೆಯ ಮಾಹಿತಿಯೇ ಹೇಳುತ್ತದೆ. ಆದರೆ ಈ ನಿಜ ಅವರ ತೀರ್ಮಾನವನ್ನು ಬೆಂಬಲಿಸುವುದಿಲ್ಲ, ಕೆಡವುತ್ತದೆ. ಕಾಲು ಹಗುರವಾಗಿರುವುದೇ ಮುಖ್ಯವಾದರೆ, ಕಾಲಿನ ಒರಟುತನವನ್ನು ತಗ್ಗಿಸುವ ಸಾಧನ ನಿಷ್ಪ್ರಯೋಜಕ ಹೇಗಾದೀತು? ಸಿಲ್ಕ್ ಬೋರ್ಡ್ ಅಥವಾ ಹೆಬ್ಬಾಳದಲ್ಲಿ ಮುಕ್ಕಾಲು ಗಂಟೆ ತೆವಳಿದ ಮೇಲೂ ಬೆಳಗಿನಷ್ಟೇ ಹದವಾಗಿ ಒತ್ತುವ ಕಾಲು ಎಷ್ಟು ಜನಕ್ಕಿದೆ? 40 ಕಿ.ಮೀ. ವೇಗದ ಬದಲು 60ಕ್ಕೆ ನುಗ್ಗಿದ ಕಾರು ಮುಂದಿನ ಕೆಂಪು ದೀಪದ ಮುಂದೆ ನಿಲ್ಲಲು ಬ್ರೇಕಿನಲ್ಲಿ ಕಳೆಯುವ ಶಕ್ತಿ ಎರಡೂಕಾಲು ಪಟ್ಟು. ಆ ಶಕ್ತಿಯೆಲ್ಲ ನಿಮ್ಮ ಟ್ಯಾಂಕಿನದೇ. ಆ ನುಗ್ಗಾಟವನ್ನು ಇಕೋ ಮೋಡ್ ತಗ್ಗಿಸುತ್ತದೆ. ನುರಿತ ಚಾಲಕನಿಗೆ ಅದರಿಂದ ಲಾಭ ಕಡಿಮೆ ಎಂದಿದ್ದರೆ ಒಪ್ಪಬಹುದಿತ್ತು. ಯಾರಿಗೂ ಲಾಭವಿಲ್ಲ ಎನ್ನುವುದು ಬೇರೆಯೇ ಮಾತು. ಅದಕ್ಕೆ ಅವರು ಆಧಾರ ಕೊಟ್ಟಿಲ್ಲ.

ಎರಡನೆಯ ಮಾತು: "ಇಕೋದಲ್ಲಿ ಪಿಕಪ್ ಇಲ್ಲ. ಹಾಗಾಗಿ ಇನ್ನಷ್ಟು ಒತ್ತಬೇಕಾಗುತ್ತದೆ. ಹೆಚ್ಚು ಒತ್ತಿದರೆ ಹೆಚ್ಚು ಪೆಟ್ರೋಲ್." ಇದು ಕೇಳಲು ಸರಿ, ಲೆಕ್ಕಕ್ಕೆ ತಪ್ಪು. ಪೆಟ್ರೋಲ್ ಸುಡುವುದು ಪೆಡಲ್ ಎಷ್ಟು ಕೆಳಗೆ ಹೋಯಿತು ಎಂಬುದರ ಮೇಲಲ್ಲ, ಎಂಜಿನ್ ಎಷ್ಟು ಕೆಲಸ ಮಾಡಿತು, ಯಾವ ಆರ್‌ಪಿಎಂನಲ್ಲಿ ಮಾಡಿತು ಎಂಬುದರ ಮೇಲೆ. ಅದೇ ಗೇರಿನಲ್ಲಿ ಅದೇ ವೇಗ ಪಡೆಯಲು ಇಕೋದಲ್ಲಿ ಒಂದಿಂಚು ಹೆಚ್ಚು ಒತ್ತಿದರೂ ಎಂಜಿನ್ ಮಾಡುವ ಕೆಲಸ ಅಷ್ಟೇ, ಖರ್ಚೂ ಅಷ್ಟೇ. ಆಟೋಮ್ಯಾಟಿಕ್‌ನಲ್ಲಿ ಬೇಗನೆ ಮೇಲಿನ ಗೇರಿಗೆ ಏರಿದರೆ ಖರ್ಚು ಇಳಿಯುತ್ತದೆ. ಆರ್‌ಪಿಎಂ ತಗ್ಗಿದಷ್ಟೂ ಎಂಜಿನ್ನಿನೊಳಗಿನ ಘರ್ಷಣೆ ತಗ್ಗುತ್ತದೆ. ಜೊತೆಗೆ ಪೆಟ್ರೋಲ್ ಎಂಜಿನ್ನಿನಲ್ಲಿ ಥ್ರಾಟಲ್ ಹೆಚ್ಚು ತೆರೆದುಕೊಳ್ಳುವುದರಿಂದ, ಅರೆಮುಚ್ಚಿದ ಬಾಗಿಲಿನಲ್ಲಿ ಗಾಳಿ ಎಳೆದುಕೊಳ್ಳಲು ವ್ಯರ್ಥವಾಗುತ್ತಿದ್ದ ಶಕ್ತಿಯೂ ಉಳಿಯುತ್ತದೆ. ಈ ವಾದ ಮಾಡುವವರು ಕಾಲು ಅಳೆದಿದ್ದಾರೆ, ಇಂಧನ ಅಳೆದಿಲ್ಲ.

ಮೂರನೆಯ ಮಾತು ಹೆದರಿಸುವಂಥದ್ದು: "ಇಕೋದಲ್ಲೇ ಓಡಿಸಿದರೆ ಎಂಜಿನ್ನಿನಲ್ಲಿ ಕಾರ್ಬನ್ ಕಟ್ಟಿ ಹಾಳಾಗುತ್ತದೆ." ಇಲ್ಲಿ ಎರಡು ಬೇರೆ ತೊಂದರೆಗಳನ್ನು ಗಂಟು ಹಾಕಲಾಗಿದೆ. ಒಂದು, ಕಡಿಮೆ ವೇಗದಲ್ಲಿ ದೊಡ್ಡ ಗೇರಿಟ್ಟು ಎಂಜಿನ್ ಗುಡುಗುವಂತೆ ಎಳೆಸುವುದು. ಮ್ಯಾನುಯಲ್ ಕಾರಿನಲ್ಲಿ ಗೇರ್ ಹಾಕುವ ಕೈ ಚಾಲಕನದು. ಆ ತಪ್ಪನ್ನು ಗುಂಡಿಯ ಮೇಲೆ ಹೊರಿಸಲಾಗದು. ಆಟೋಮ್ಯಾಟಿಕ್‌ನಲ್ಲಿ ಎಂಜಿನ್ ಎಳೆಯಲಾರದಂಥ ಗೇರಿಗೆ ಕಂಪ್ಯೂಟರ್ ಹೋಗಗೊಡುವುದಿಲ್ಲ. ಇನ್ನೊಂದು, 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ನಿಯಮದ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಕಟ್ಟಿಕೊಳ್ಳುವುದು. ಆ ಮಸಿ ಸುಟ್ಟುಹೋಗಬೇಕಾದರೆ ಹೊಗೆಯ ಬಿಸಿ ಬಹಳ ಏರಬೇಕು. ಗಾಡಿ ಸ್ವಲ್ಪ ಹೊತ್ತು ನಿಲ್ಲದೆ ಓಡಬೇಕು. ಮನೆಯಿಂದ ಮಾರುಕಟ್ಟೆಗೆ ಎರಡು ಕಿ.ಮೀ. ಹೋಗಿ ಬರುವ ಡೀಸೆಲ್ ಗಾಡಿಯ ಫಿಲ್ಟರ್ ಸ್ಪೋರ್ಟ್ ಮೋಡ್‌ನಲ್ಲೂ ಕಟ್ಟಿಕೊಳ್ಳುತ್ತದೆ. ದೋಷ ಪ್ರಯಾಣದ ಉದ್ದದಲ್ಲಿದೆ, ಮೋಡ್‌ನಲ್ಲಿಲ್ಲ.

ಈಗ ಈ ಪಕ್ಷದ ಮೂರೂ ಮಾತುಗಳನ್ನು ಒಟ್ಟಿಗೆ ಇಟ್ಟು ನೋಡಿ. ಮೊದಲನೆಯದರ ಪ್ರಕಾರ ಗುಂಡಿ ಏನೂ ಮಾಡುವುದಿಲ್ಲ. ಎರಡನೆಯದರ ಪ್ರಕಾರ ಅದು ಖರ್ಚು ಹೆಚ್ಚಿಸುತ್ತದೆ. ಮೂರನೆಯದರ ಪ್ರಕಾರ ಅದು ಎಂಜಿನ್ ಕೆಡಿಸುತ್ತದೆ. ಏನೂ ಮಾಡದ ವಸ್ತು ಖರ್ಚು ಹೆಚ್ಚಿಸಲಾರದು, ಎಂಜಿನ್ನನ್ನೂ ಕೆಡಿಸಲಾರದು. ಒಬ್ಬರೇ ಈ ಮೂರನ್ನೂ ಹೇಳುತ್ತಿದ್ದಾರೆಂದರೆ, ಅವರು ತೀರ್ಮಾನವನ್ನು ಮೊದಲೇ ಮಾಡಿಕೊಂಡು ಆಮೇಲೆ ಕಾರಣ ಹುಡುಕುತ್ತಿದ್ದಾರೆ ಎಂದೇ ಅರ್ಥ.

ಇನ್ನು ಸದಾ ಇರಲಿ ಎನ್ನುವವರ ಕಡೆಗೆ ಬರೋಣ. ಅವರ ಮೊದಲ ಮಾತು: "ಎಲ್ಲ ರಸ್ತೆಯಲ್ಲೂ ಉಳಿತಾಯವೇ, ಘಾಟಿಯಲ್ಲೂ." ಘಾಟಿಯ ಲೆಕ್ಕವನ್ನೇ ಮಾಡೋಣ. ಜನ, ಸಾಮಾನು ಸೇರಿ 1,600 ಕೆ.ಜಿ. ತೂಗುವ ಕಾರು 600 ಮೀಟರ್ ಎತ್ತರ ಹತ್ತಲು ಸುಮಾರು 94 ಲಕ್ಷ ಜೂಲ್ ಶಕ್ತಿ ಬೇಕು. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 3.2 ಕೋಟಿ ಜೂಲ್ ಶಕ್ತಿಯಿದೆ. ಎಂಜಿನ್ ಅದರಲ್ಲಿ ಮೂರನೆಯ ಒಂದು ಭಾಗಕ್ಕಿಂತ ತುಸು ಕಡಿಮೆಯನ್ನು ಚಕ್ರಕ್ಕೆ ತಲುಪಿಸುತ್ತದೆ. ಅಂದರೆ ಬರೀ ಎತ್ತರ ಹತ್ತಲಿಕ್ಕೇ ಹೆಚ್ಚುಕಡಿಮೆ ಒಂದು ಲೀಟರ್ ಬೇಕು. ಯಾವ ಮೋಡ್ ಹಾಕಿದರೂ ಈ ಸಾಲ ತೀರಿಸಲೇಬೇಕು. ಇಕೋ ಹಾಕಿದರೆ ಆಗುವುದೇನು? 14 ಹೇರ್‌ಪಿನ್ ತಿರುವುಗಳ ಆಗುಂಬೆ ಘಾಟಿಯನ್ನು ತೆಗೆದುಕೊಳ್ಳಿ. ಆಟೋಮ್ಯಾಟಿಕ್ ಕಾರಿನಲ್ಲಿ ತಿರುವಿನಿಂದ ಹೊರಬಂದು ಆಕ್ಸಿಲರೇಟರ್ ಒತ್ತುತ್ತೀರಿ. ಗೇರ್ ಕೆಳಗಿಳಿಯುವುದಿಲ್ಲ, ಗಾಡಿ ಎಳೆಯುವುದಿಲ್ಲ. ಇನ್ನಷ್ಟು ಒತ್ತುತ್ತೀರಿ, ಒಮ್ಮೆಗೇ ಎರಡು ಗೇರ್ ಇಳಿದು ಎಂಜಿನ್ ಕಿರುಚುತ್ತದೆ. ಕಾಲು ಸಡಿಲಿಸಿದ ಕ್ಷಣ ಮತ್ತೆ ಮೇಲಿನ ಗೇರ್. ಅಷ್ಟರಲ್ಲಿ ಮುಂದಿನ ತಿರುವು. ಉಳಿತಾಯ ಎಲ್ಲಿಯೂ ಇಲ್ಲ. ಹಿಂದೆ ಬರುವ ಬಸ್ಸಿಗೆ ತೊಂದರೆ, ಒಳಗೆ ಕೂತವರಿಗೆ ವಾಕರಿಕೆ. ಶಿರಾಡಿ, ಚಾರ್ಮಾಡಿ, ಆಗುಂಬೆ ಯಾವುದೇ ಇರಲಿ, ಏರುವಾಗ ಇಕೋ ತೆಗೆಯಿರಿ.

ಅವರ ಎರಡನೆಯ ಮಾತು: "ಓವರ್‌ಟೇಕ್‌ಗೂ ತೆಗೆಯಬೇಕಿಲ್ಲ. ಪೂರ್ತಿ ಒತ್ತಿದರೆ ಪೂರ್ತಿ ಪವರ್ ಬಂದೇ ಬರುತ್ತದೆ." ಬಹಳಷ್ಟು ಕಾರುಗಳಲ್ಲಿ ಬರುತ್ತದೆ, ನಿಜ, ಎಲ್ಲ ಕಾರುಗಳಲ್ಲಿ ಅಲ್ಲ. ಬರುವಲ್ಲಿಯೂ ತಡವಾಗಿ ಬರುತ್ತದೆ. ಆ ತಡದ ಬೆಲೆ ಎಷ್ಟು? 80 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಎದುರಿನಿಂದ ಅದೇ ವೇಗದಲ್ಲಿ ಇನ್ನೊಂದು ಬರುತ್ತಿದ್ದರೆ ನಡುವಿನ ಅಂತರ ಸೆಕೆಂಡಿಗೆ 44 ಮೀಟರ್ ಕರಗುತ್ತದೆ. ಅದು ಮೂರು ಬಸ್ಸುಗಳನ್ನು ಸಾಲಾಗಿ ನಿಲ್ಲಿಸಿದ ಉದ್ದಕ್ಕಿಂತ ಹೆಚ್ಚು. ಡಿವೈಡರ್ ಇಲ್ಲದ ಎರಡು ಲೇನ್ ರಸ್ತೆಯಲ್ಲಿ ಈ ಅಂತರವನ್ನು ಬಿಟ್ಟುಕೊಟ್ಟು ಗಳಿಸುವ ಉಳಿತಾಯ ಮಿಲಿಲೀಟರ್ ಲೆಕ್ಕದ್ದು. ಇನ್ನೊಂದು ಮಾತು. ಪೂರ್ತಿ ಒತ್ತಿದಾಗ ಪೂರ್ತಿ ಪವರ್ ಬರುವುದು ಆ ಹೊತ್ತಿಗೆ ಕಂಪ್ಯೂಟರ್ ಇಕೋವನ್ನು ಬದಿಗಿಡುವುದರಿಂದ. ಅಂದರೆ ಓವರ್‌ಟೇಕ್ ಮಾಡುವಾಗ ಇಕೋ ಇರಬಾರದು ಎಂಬುದನ್ನು ಅವರ ವಾದವೇ ಒಪ್ಪಿಕೊಂಡಿದೆ. ಯಂತ್ರ ತಡವಾಗಿ ಮಾಡುವುದನ್ನು ಚಾಲಕ ಮುಂಚಿತವಾಗಿ ಮಾಡಬಾರದೇಕೆ? ಸರ್ವಿಸ್ ರಸ್ತೆಯಿಂದ ಹೆದ್ದಾರಿಗೆ ಸೇರುವಾಗಲೂ ಇದೇ ಉತ್ತರ.

ಮೂರನೆಯದು: "ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ 120ರಲ್ಲಿ ಹೋದರೂ ಇಕೋ ಇದ್ದರೆ ಮೈಲೇಜ್ ಬರುತ್ತದೆ." ಮೊದಲನೆಯದಾಗಿ ಅಲ್ಲಿ ಮಿತಿ 100. ಎರಡನೆಯದಾಗಿ ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ: 80ರಿಂದ 100ಕ್ಕೆ ಹೋದರೆ ಅರ್ಧಕ್ಕಿಂತ ಹೆಚ್ಚು, 120ಕ್ಕೆ ಹೋದರೆ ಎರಡೂಕಾಲು ಪಟ್ಟು. ಗುಂಡಿ ಗಾಳಿಯನ್ನು ತೆಳುವಾಗಿಸುವುದಿಲ್ಲ. ಭಾರತದಲ್ಲಿ ಕಂಪನಿಗಳು ಘೋಷಿಸುವ ಮೈಲೇಜ್ ಬರುವುದು ಪ್ರಯೋಗಶಾಲೆಯ ರೋಲರ್‌ಗಳ ಮೇಲೆ ನಡೆಸುವ ಪರೀಕ್ಷೆಯಿಂದ, ಅದರಲ್ಲಿ ಗರಿಷ್ಠ ವೇಗವೇ 90. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುತ್ತಿರುವಾಗ ಇಕೋಗೂ ನಾರ್ಮಲ್‌ಗೂ ವ್ಯತ್ಯಾಸ ಅಲ್ಪ. 100ರ ಬದಲು 80ರಲ್ಲಿ ಹೋಗುವುದರ ವ್ಯತ್ಯಾಸ ದೊಡ್ಡದು. ಇಕೋದ ಹಸಿರು ದೀಪ ಉರಿಯುತ್ತಿದೆ ಎಂಬ ಧೈರ್ಯದಲ್ಲಿ ವೇಗ ಏರಿಸಿದವರಿಗೆ ಆ ದೀಪ ನಷ್ಟವನ್ನೇ ತಂದಿದೆ.

ನಾಲ್ಕನೆಯ ಮಾತು ಅಪಾಯಕಾರಿ: "ಇಳಿಜಾರಿನಲ್ಲಿ ಇಕೋ ಹಾಕಿ, ನ್ಯೂಟ್ರಲ್ ಮಾಡಿ ಬಿಟ್ಟರೆ ಪೆಟ್ರೋಲೇ ಬೇಡ." ಸತ್ಯ ಇದಕ್ಕೆ ತದ್ವಿರುದ್ಧ. ಗೇರಿನಲ್ಲಿಟ್ಟು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಈಗಿನ ಎಂಜಿನ್‌ಗಳು ಇಂಧನವನ್ನು ಪೂರ್ತಿ ನಿಲ್ಲಿಸುತ್ತವೆ. ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಆರದಂತೆ ಇಡಲು ಇಂಧನ ಸುಡಲೇಬೇಕು. ಅದಕ್ಕಿಂತ ಮುಖ್ಯವಾಗಿ, ಎಂಜಿನ್ನಿನ ಹಿಡಿತ ತಪ್ಪಿ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಘಾಟಿಯಲ್ಲಿ ಕಾದ ಬ್ರೇಕ್ ಹಿಡಿಯದೆ ಹೋಗಬಹುದು. ಕೆಲವು ಆಟೋಮ್ಯಾಟಿಕ್ ಕಾರುಗಳು ಇಕೋದಲ್ಲಿ ಕಾಲು ತೆಗೆದೊಡನೆ ತಾವಾಗಿಯೇ ಎಂಜಿನ್ನನ್ನು ಚಕ್ರಗಳಿಂದ ಬಿಡಿಸುತ್ತವೆ. ಅಂಥ ಕಾರಿದ್ದವರು ಘಾಟಿ ಇಳಿಯುವಾಗಲೂ ಇಕೋ ತೆಗೆದು, ಕೆಳಗಿನ ಗೇರಿನಲ್ಲೇ ಇಳಿಯಬೇಕು.

ಎಸಿಯ ಬಗ್ಗೆ ಎರಡೂ ಪಕ್ಷಗಳು ಜಗಳವಾಡುತ್ತವೆ. ಅದನ್ನು ಬೇಗ ಮುಗಿಸಬಹುದು. ಇಕೋದಲ್ಲಿ ಎಸಿ ತಗ್ಗುವ ಕಾರು ನಿಮ್ಮದಾದರೆ, ಕಲಬುರಗಿ, ರಾಯಚೂರಿನ ಏಪ್ರಿಲ್ ಮಧ್ಯಾಹ್ನ ಬಿಸಿಲಿನಲ್ಲಿ ನಿಂತ ಗಾಡಿ ಹತ್ತಿದ ಕೂಡಲೇ ಇಕೋ ಹಾಕಬೇಡಿ. ಕಿಟಕಿ ಇಳಿಸಿ ಬಿಸಿಗಾಳಿ ಹೊರಹಾಕಿ, ಒಳಗೆ ತಂಪಾಗಲಿ, ಆಮೇಲೆ ಹಾಕಿ. ತಂಪಾದ ಮೇಲೆ ಕಂಪ್ರೆಸರ್ ಹೇಗೂ ಅಷ್ಟು ದುಡಿಯಬೇಕಾಗಿಲ್ಲ. ಇಷ್ಟು ಸಣ್ಣ ವಿಷಯಕ್ಕೆ "ಸದಾ" ಅಥವಾ "ಎಂದಿಗೂ" ಎಂಬ ತೀರ್ಪು ಬೇಕಿಲ್ಲ.

ಹಾಗಾದರೆ ಎಲ್ಲಿ ಬಳಸಬೇಕು? ಊರೊಳಗಿನ ಸಿಗ್ನಲ್‌ನಿಂದ ಸಿಗ್ನಲ್‌ಗೆ ಹೋಗುವ ಸಂಚಾರದಲ್ಲಿ, ಗಾಡಿಗೆ ಗಾಡಿ ಅಂಟಿಕೊಂಡ ಜಾಮ್‌ನಲ್ಲಿ, ಚಿತ್ರದುರ್ಗ, ದಾವಣಗೆರೆ ಕಡೆಯ ಸಮತಟ್ಟು ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಇಕೋ ಇರಲಿ. ಮಳೆಗೆ ನೆನೆದು ಜಾರುವ ರಸ್ತೆಯಲ್ಲಿ ಹೊರಡುವಾಗಲೂ ಇರಲಿ. ಮೆದುವಾದ ಪೆಡಲ್‌ನಿಂದ ಚಕ್ರ ಜಾರುವುದು ಕಡಿಮೆ. ಘಾಟಿ ಏರುವಾಗ, ಏಳು ಜನ ಕೂತು ಡಿಕ್ಕಿ ತುಂಬಿದಾಗ, ಎರಡು ಲೇನ್ ರಸ್ತೆಯಲ್ಲಿ ಮುಂದಿನ ಗಾಡಿಯನ್ನು ದಾಟುವ ಮೊದಲು, ಹೆದ್ದಾರಿಗೆ ಸೇರುವ ಮೊದಲು ತೆಗೆಯಿರಿ. ಕೆಲಸ ಮುಗಿದ ಮೇಲೆ ಮತ್ತೆ ಹಾಕಿ. ಬೆರಳಿನ ಒಂದು ಒತ್ತಿಗೆ ಆಗುವ ಕೆಲಸವನ್ನು ದಿನಕ್ಕೆ ನಾಲ್ಕು ಸಲ ಮಾಡುವುದು ಕಷ್ಟ ಎನ್ನುವವರು ಕ್ಲಚ್ಚನ್ನು ಎಷ್ಟು ಸಲ ಒತ್ತುತ್ತಾರೆ ಎಂದು ಲೆಕ್ಕ ಹಾಕಲಿ.

ತನಗೆ ಬೇಕಾದ ಕಚ್ಚಾತೈಲದಲ್ಲಿ ಶೇ 85ಕ್ಕೂ ಹೆಚ್ಚನ್ನು ಹೊರಗಿನಿಂದ ಕೊಳ್ಳುವ ದೇಶ ನಮ್ಮದು. ಸುಡುವ ಪ್ರತಿ ಲೀಟರ್ ಪೆಟ್ರೋಲಿನಿಂದ 2.3 ಕೆ.ಜಿ.ಯಷ್ಟು ಇಂಗಾಲದ ಡೈಆಕ್ಸೈಡ್ ನಮ್ಮ ಗಾಳಿಗೆ ಸೇರುತ್ತದೆ. ಆದ್ದರಿಂದ ಉಳಿಸುವ ಸಾಧನವನ್ನು ಗಿಮಿಕ್ಕೆಂದು ಎಸೆಯುವುದೂ ತಪ್ಪು, ಅದರ ಹೆಸರಿನಲ್ಲಿ ಜೀವಕ್ಕೆ ಅಪಾಯ ತಂದುಕೊಳ್ಳುವುದೂ ತಪ್ಪು. ನನ್ನ ಮಾತನ್ನೂ ಸುಮ್ಮನೆ ನಂಬಬೇಕಿಲ್ಲ. ಟೈರಿಗೆ ಸರಿಯಾಗಿ ಗಾಳಿ ಹಾಕಿಸಿ, ಒಂದೇ ಬಂಕಿನಲ್ಲಿ ಫುಲ್ ಟ್ಯಾಂಕ್ ಮಾಡಿಸಿ, ದಿನನಿತ್ಯದ ದಾರಿಯಲ್ಲೇ ಒಂದು ಟ್ಯಾಂಕ್ ಇಕೋದಲ್ಲಿ, ಇನ್ನೊಂದು ನಾರ್ಮಲ್‌ನಲ್ಲಿ ಓಡಿಸಿ. ಪ್ರತಿ ಸಲ ಮತ್ತೆ ಫುಲ್ ಮಾಡಿಸಿದಾಗ ಹಿಡಿದ ಲೀಟರನ್ನೂ ಓಡಿದ ಕಿಲೋಮೀಟರನ್ನೂ ಬರೆದಿಡಿ. ಇನ್ನು ಮುಂದೆ ಯಾರಾದರೂ "ಯಾವಾಗಲೂ ಇಕೋ" ಅಥವಾ "ಯಾವತ್ತೂ ಬೇಡ" ಎಂದರೆ, ಯಾವ ರಸ್ತೆಯಲ್ಲಿ ಎಂದು ಕೇಳಿ. ಅದಕ್ಕೆ ಉತ್ತರವಿಲ್ಲದವರ ಸಲಹೆಯಂತೆ ಗಾಡಿ ಓಡಿಸಬೇಡಿ.