ನಾವು ಕೇಳದೆ ಡಯಲ್ ಮಾಡುವುದು ಯಾರು? (ಭಾಗ 3)

ಹ್ವಾಯ್, "ಡಯಲಪ್ಪಾ? ಅದು ಸತ್ತು ಎಷ್ಟು ವರ್ಷ ಆಯ್ತು ಮಾರಾಯಾ" ಅಂತ ನಕ್ಕವರಿಗೆಲ್ಲ ಈ ಭಾಗ. ಸತ್ತದ್ದು ಮೋಡೆಮ್ಮಿನ ಕೀಂಯ್ ಕೀಂಯ್ ಶಬ್ದ ಮಾತ್ರ. ಸೀರಿಯಲ್ ಪೋರ್ಟ್ ತೋರಿಸುವ ಯುಎಸ್‌ಬಿ ಡಾಂಗಲನ್ನು ಲಿನಕ್ಸಿಗೆ ಚುಚ್ಚಿ ಕಾಣಿ, ಅದು ಇವತ್ತಿಗೂ *99# ಅಂತ ಡಯಲ್ ಮಾಡಿಯೇ ನೆಟ್‌ಗೆ ಹೋಗುವುದು.

1995ರ ಆಗಸ್ಟ್ 15ಕ್ಕೆ ವಿಎಸ್‌ಎನ್‌ಎಲ್ ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟಿತು. ಡಯಲಪ್ ಕಾಲದಲ್ಲಿ ಮೀಟರ್ ಎರಡು ಕಡೆ ಓಡುತ್ತಿತ್ತು: ನೆಟ್ಟಿನ ಗಂಟೆ ಒಂದು, ಫೋನ್ ಬಿಲ್ಲು ಇನ್ನೊಂದು. ಹಾಗಾಗಿ ಲಿನಕ್ಸಿನವರು ಹಳೇ ಪಿಸಿಯನ್ನೇ ರೌಟರ್ ಮಾಡಿಕೊಂಡರು. ಪಿಪಿಪಿಡಿ ಅನ್ನುವ ಪ್ರೋಗ್ರಾಮಿಗೆ 'ಡಿಮ್ಯಾಂಡ್' ಅಂತ ಒಂದೇ ಪದ ಕೊಟ್ಟರೆ ಸಾಕು, ಮನೆಯ ಯಾವುದಾದರೂ ಕಂಪ್ಯೂಟರ್ ಹೊರಗೆ ಪ್ಯಾಕೆಟ್ ಕಳಿಸಿದಾಗ ಮಾತ್ರ ಅದು ಲೈನ್ ಎತ್ತುತ್ತದೆ. 'ಐಡಲ್ 300' ಅಂದರೆ ಐದು ನಿಮಿಷ ಯಾರೂ ಮಾತಾಡದಿದ್ದರೆ ಇಟ್ಟುಬಿಡುತ್ತದೆ. ಮೇಲೆ ಐಪಿ ಫಾರ್ವರ್ಡಿಂಗ್ ಆನ್ ಮಾಡಿ, ಐಪಿಟೇಬಲ್ಸಿನಲ್ಲಿ ಮಾಸ್ಕ್ವೆರೇಡ್ ಅಂತ ಒಂದು ಸಾಲು ಬರೆದರೆ ಇಡೀ ಮನೆಗೆ ಒಂದೇ ಕನೆಕ್ಷನ್.

ಈಗ ನನ್ನ ಜಗಳ. ಇದೇ ಸೆಟಪ್ಪಿಗೆ ಇವತ್ತಿನ ಒಂದು ಫೋನ್ ಸೇರಿಸಿ, ಮುಟ್ಟದೆ ಮೇಜಿನ ಮೇಲಿಡಿ. ಲೈನ್ ಕೆಳಗಿಳಿಯುವುದೇ ಅಪರೂಪ! ಆ್ಯಪ್ ಅಪ್ಡೇಟು, ಫೋಟೋ ಬ್ಯಾಕಪ್ಪು, ನೋಟಿಫಿಕೇಶನ್ನು, ಜಾಹೀರಾತು. ನೀವು ಮಲಗಿದ್ದರೂ ಯಾರೋ ನಿಮ್ಮ ದುಡ್ಡಲ್ಲಿ ಮಾತಾಡುತ್ತಲೇ ಇರುತ್ತಾರೆ. ಜಿಯೋದ ದಿನಕ್ಕೆ 1.5 ಜಿಬಿ ಪ್ಯಾಕ್ 2024ರ ಜುಲೈಯಲ್ಲಿ 239ರಿಂದ 299 ಆಯ್ತು. 28 ದಿನಕ್ಕೊಂದು ಅಂದರೆ ವರ್ಷಕ್ಕೆ 12 ಅಲ್ಲ, 13 ರೀಚಾರ್ಜು. ಆ ದರದಲ್ಲಿ ನಾಲ್ಕು ಫೋನಿನ ಮನೆಗೆ 15,548 ರೂಪಾಯಿ. ಬಳಸದೆ ಉಳಿದದ್ದು ರಾತ್ರಿ 12ಕ್ಕೆ ಗೋವಿಂದ. ಕಾಸ್ಟ್ ಅಕೌಂಟಿಂಗ್ ಓದುವ ನಾವೇ ಈ ಲೆಕ್ಕ ಹಾಕದಿದ್ದರೆ ಮತ್ತೆ ಬಿಕಾಂ ಎಂತಕ್ಕೆ?

"ಸಾವಿರ ಚಿಲ್ಲರೆಗೆ ರೌಟರ್ ಬರ್ತದಲ್ಲ" ಅಂತೀರಿ. ಬರ್ತದೆ, ಇಲ್ಲ ಅಂದವರಾರು? ಆದರೆ ಯಾವ ಪ್ಯಾಕೆಟ್ಟು ಲೈನನ್ನು ಎಬ್ಬಿಸಿತು ಅಂತ ಅಂಥವು ಹೆಚ್ಚಿನವು ಬಾಯಿ ಬಿಡುವುದಿಲ್ಲ. ಲಿನಕ್ಸಿನಲ್ಲಿ ಟಿಸಿಪಿಡಂಪ್ ಓಡಿಸಿದರೆ ಒಂದೊಂದೂ ಕಣ್ಣೆದುರು ಹೋಗುತ್ತದೆ. ಪಿಪಿಪಿಡಿಯ 'ಆ್ಯಕ್ಟಿವ್-ಫಿಲ್ಟರ್'ನಲ್ಲಿ ಯಾವ ಪ್ಯಾಕೆಟ್ ಲೆಕ್ಕಕ್ಕೆ, ಯಾವುದು ಲೆಕ್ಕಕ್ಕಿಲ್ಲ ಅಂತ ನಾವೇ ಬರೆಯಬಹುದು. ನನಗೆ ಬೇಕಾದದ್ದು ಅಷ್ಟೇ: ಫೋನ್ ಎತ್ತುವ ಅಧಿಕಾರ ನಮ್ಮ ಕೈಯಲ್ಲಿರಬೇಕು.

ಕರೆಂಟಿನ ವಿಷಯ ಕೇಳಿದವರು ಸರಿಯಾಗಿಯೇ ಕೇಳಿದ್ದೀರಿ. 60 ವ್ಯಾಟಿನ ಡೆಸ್ಕ್‌ಟಾಪ್ ಹಗಲು ರಾತ್ರಿ ಓಡಿದರೆ ತಿಂಗಳಿಗೆ 43 ಯೂನಿಟ್, ಅದು ಲಾಸೇ. 15 ವ್ಯಾಟಿನ ಹಳೇ ಲ್ಯಾಪ್‌ಟಾಪಿಗೆ 11 ಯೂನಿಟ್ ಸಾಕು, ಬ್ಯಾಟರಿ ಜೀವಂತ ಇದ್ದರೆ ಮಳೆಗಾಲದ ಪವರ್‌ಕಟ್ಟಿಗೂ ಆಯ್ತು. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು ಅಂತ ಅಂಥ ಮಷೀನುಗಳನ್ನೇ ಈಗ ಎಲ್ಲರೂ ಎಸೆಯುವುದು.

ಫಿಲ್ಟರಿನ ಸಾಲುಗಳು ಮುಂದಿನ ಭಾಗದಲ್ಲಿ. ಸಾಲಿಗ್ರಾಮ, ಕೋಟ ಬದಿಯಲ್ಲಿ ಯಾರ ಮನೆ ಅಟ್ಟದಲ್ಲಾದರೂ ಹಳೇ ಲ್ಯಾಪ್‌ಟಾಪ್ ಇದ್ದರೆ ಗುಜರಿಗೆ ಹಾಕುವ ಮೊದಲು ಒಂದು ಡಿಎಂ ಹಾಕಿ.

#ಸಾಲಿಗ್ರಾಮ #ಲಿನಕ್ಸ್ #ಬಿಕಾಂಲೆಕ್ಕ