ಗದರದೆ ಹತ್ತಿರ ಕೂರಿಸಿಕೊಂಡವರು

ಮಕ್ಕಳೇ, ಈ ವಾರ ಮೊದಲು ನನ್ನದೇ ಒಂದು ತಪ್ಪು ಒಪ್ಪಿಕೊಂಡು ಆಮೇಲೆ ಕಥೆಗೆ ಬರುತ್ತೇನೆ.

ನಮ್ಮ ನಡುಮನೆಯಲ್ಲಿ ಒಂದು ಹಳೆಯ ಹಾರ್ಮೋನಿಯಂ ಇದೆ. ನನ್ನ ತಂದೆ ಕೊಡಿಸಿದ್ದು. ಧೂಳು ಕೂರದಿರಲಿ ಎಂದು ಅದರ ಮೇಲೆ ಕಸೂತಿ ಬಟ್ಟೆ ಹೊದಿಸಿದ್ದೇನೆ. ಹೋದ ತಿಂಗಳು ಎದುರುಮನೆಯ ನಾಲ್ಕು ವರ್ಷದ ಪುಟ್ಟ ಬಂದವನೇ ಬಟ್ಟೆ ಎಳೆದು, ಎರಡೂ ಅಂಗೈಯಲ್ಲಿ ಕೀಗಳನ್ನು ಬಡಿಯತೊಡಗಿದ. ತಿದಿ ಒತ್ತದೆ ಸದ್ದು ಬಾರದು ಎಂದು ಪಾಪ, ಅವನಿಗೇನು ಗೊತ್ತು? "ಅಜ್ಜಿ, ಇದು ಯಾಕೆ ಮಾತಾಡಲ್ಲ?" ಎಂದು ಕೇಳಿದ. ನಾನು ತಿದಿ ಒತ್ತಿ ತೋರಿಸಬಹುದಿತ್ತು. "ಮುಟ್ಟಬೇಡ್ವೋ, ಹಾಳಾಗತ್ತೆ!" ಎಂದು ಗದರಿಬಿಟ್ಟೆ. ಮುಖ ಸಣ್ಣದು ಮಾಡಿಕೊಂಡು ಮನೆಗೆ ಓಡಿದ.

ನಾನೂ ಅದನ್ನು ಮರೆತೇಬಿಟ್ಟಿದ್ದೆ. ಮೊನ್ನೆ ಕಾಲೇಜಿನಲ್ಲಿ ಓದುವ ಮೊಮ್ಮಗ ತನ್ನ ಮೊಬೈಲಿನಲ್ಲಿ ಅಮೆರಿಕದ ರೇ ಚಾರ್ಲ್ಸ್ ಎಂಬುವರ ಹಾಡು ಕೇಳಿಸಿದ. ಭಾಷೆ ಅರ್ಧಂಬರ್ಧ ತಿಳಿಯಿತು. ದನಿ ಮಾತ್ರ ಎದೆಗೆ ನೇರ ಬಂತು. ಯಾರಪ್ಪ ಇವರು ಎಂದು ಅವರ ಜೀವನವನ್ನು ಓದಲು ಕುಳಿತೆ. ಮೊದಲ ಕೆಲವು ಪುಟಗಳಲ್ಲೇ ನನ್ನ ಹಾರ್ಮೋನಿಯಂ ನೆನಪಾಗಿ ನಾಚಿಕೆಯಾಯಿತು. ಯಾಕೆ ಅಂತ ಕೇಳಿ.

ರೇ ಹುಟ್ಟಿದ್ದು 1930ರ ಸೆಪ್ಟೆಂಬರ್ 23ರಂದು, ಜಾರ್ಜಿಯಾ ರಾಜ್ಯದ ಆಲ್ಬನಿ ಎಂಬ ಊರಿನಲ್ಲಿ. ಬೆಳೆದದ್ದು ಪಕ್ಕದ ಫ್ಲಾರಿಡಾ ರಾಜ್ಯದ ಗ್ರೀನ್‌ವಿಲ್ ಎಂಬ ಪುಟ್ಟ ಊರಿನಲ್ಲಿ. ಕಪ್ಪು ಜನರ ಬಡ ಕುಟುಂಬ. ತಾಯಿ ರೀಥಾ ಊರವರ ಬಟ್ಟೆ ಒಗೆದು ಮಕ್ಕಳನ್ನು ಸಾಕುತ್ತಿದ್ದರು.

ಆ ಊರಿನಲ್ಲಿ ರೆಡ್ ವಿಂಗ್ ಕೆಫೆ ಎಂಬುದೊಂದಿತ್ತು. ಅಂಗಡಿಯೂ ಹೌದು, ತಿಂಡಿ ಹೋಟೆಲೂ ಹೌದು. ಅದರ ಯಜಮಾನರು ವೈಲಿ ಪಿಟ್‌ಮನ್. ಎಲ್ಲರ ಬಾಯಲ್ಲಿ ಮಿಸ್ಟರ್ ಪಿಟ್. ಅಂಗಡಿಯೊಳಗೆ ಒಂದು ಹಳೆಯ ಪಿಯಾನೋ. ಮಿಸ್ಟರ್ ಪಿಟ್ ಬಿಡುವಾದಾಗ ಅದರ ಮುಂದೆ ಕುಳಿತು ಬೂಗಿ ವೂಗಿ ಎಂಬ ಕುಣಿಸುವ ಧಾಟಿ ನುಡಿಸುತ್ತಿದ್ದರು. ಎಡಗೈ ಒಂದೇ ಸಮನೆ ತಾಳ ಹಿಡಿದು ಓಡುತ್ತದೆ, ಬಲಗೈ ಅದರ ಮೇಲೆ ಆಟವಾಡುತ್ತದೆ. ಅದು ಕಿವಿಗೆ ಬಿದ್ದರೆ ಸಾಕು, ಮೂರು ವರ್ಷದ ರೇ ಆಟ ಬಿಟ್ಟು ಓಡಿಬರುತ್ತಿದ್ದ.

ಬಂದವನು ಸುಮ್ಮನಿರುತ್ತಾನೆಯೇ? ನಮ್ಮ ಪುಟ್ಟನ ಹಾಗೆಯೇ ಕೀಗಳನ್ನು ಬಡಿಯುತ್ತಿದ್ದ. ಮಿಸ್ಟರ್ ಪಿಟ್ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದೇ ಬೆರಳಿನಲ್ಲಿ ಒಂದು ಚಿಕ್ಕ ಧಾಟಿ ನುಡಿಸುವುದು ಹೇಗೆಂದು ತೋರಿಸಿಕೊಟ್ಟರು. ದೊಡ್ಡವರಾಗಿ ಲೋಕಪ್ರಸಿದ್ಧರಾದ ಮೇಲೂ ರೇ ಇದನ್ನು ಮರೆಯಲಿಲ್ಲ. ಹೋಗೋ ಆಚೆ, ನಾನು ನುಡಿಸುತ್ತಿರುವುದು ಕಾಣಿಸುವುದಿಲ್ಲವೇ ಎಂದು ಅವರು ನನ್ನನ್ನು ಅಟ್ಟಿಬಿಡಬಹುದಿತ್ತು, ಅಟ್ಟಲಿಲ್ಲ ಎಂದು ಸಂದರ್ಶನಗಳಲ್ಲಿ ನೆನೆಯುತ್ತಿದ್ದರು.

ಈಗ ಸ್ವಲ್ಪ ದುಃಖದ ಭಾಗ. ರೇಗೆ ಜಾರ್ಜ್ ಎಂಬ ತಮ್ಮನಿದ್ದ. ಒಂದು ದಿನ ಅಮ್ಮ ಬಟ್ಟೆ ಒಗೆಯಲು ನೀರು ತುಂಬಿಟ್ಟಿದ್ದ ದೊಡ್ಡ ಟಬ್ಬಿಗೆ ಅವನು ಬಿದ್ದುಬಿಟ್ಟ. ರೇ ಎಳೆಯಲು ನೋಡಿದ. ಐದು ವರ್ಷದ ಕೈಗಳಲ್ಲಿ ಎಷ್ಟು ಶಕ್ತಿ ಇದ್ದೀತು? ಅಮ್ಮ ಓಡಿಬಂದರೂ ತಮ್ಮ ಉಳಿಯಲಿಲ್ಲ. ಅದಾದ ಸ್ವಲ್ಪ ಕಾಲಕ್ಕೆ ರೇ ಕಣ್ಣುಗಳು ಮಂಜಾಗುತ್ತಾ ಬಂದವು. ಏಳು ವರ್ಷವಾಗುವ ಹೊತ್ತಿಗೆ ಪೂರ್ತಿ ಕತ್ತಲೆ.

ತಾಯಿ ರೀಥಾ ಏನು ಮಾಡಿದರು ಗೊತ್ತೇ? ಮಗನಿಗೆ ನೆಲ ಒರೆಸಲು ಹೇಳಿದರು. ಸೌದೆ ಒಡೆಯಲು ಹೇಳಿದರು. ಕುರುಡು ಮಗುವಿನ ಕೈಗೆ ಕೊಡಲಿ ಕೊಡುವುದೇ ಎಂದು ನೆರೆಹೊರೆಯವರು ಆಡಿಕೊಂಡರು. ಕಣ್ಣು ಹೋಗಿದೆ, ಬುದ್ಧಿ ಹೋಗಿಲ್ಲ. ನಾನು ಸತ್ತ ಮೇಲೆ ಇವನನ್ನು ನೋಡಿಕೊಳ್ಳುವವರು ಯಾರು ಎಂಬುದು ಆ ತಾಯಿಯ ಲೆಕ್ಕ. ಓದುವಾಗ ನನಗೂ ಮೊದಲು ಕಟುಕಿ ಅನ್ನಿಸಿತು. ಆದರೆ ಮುಂದೆ ರೇ ಜೀವನವಿಡೀ ಬಿಳಿಕೋಲು ಹಿಡಿಯಲಿಲ್ಲ, ದಾರಿ ತೋರುವ ನಾಯಿಯನ್ನೂ ಸಾಕಲಿಲ್ಲ. ಹೆಜ್ಜೆಯ ಸದ್ದು, ಗೋಡೆಗೆ ಬಡಿದು ಬರುವ ದನಿ, ಇವನ್ನೇ ನಂಬಿ ಓಡಾಡಿದರು.

1937ರಲ್ಲಿ ಅವರನ್ನು ಸೇಂಟ್ ಆಗಸ್ಟೀನ್ ಊರಿನ ಸರ್ಕಾರಿ ಶಾಲೆಗೆ ಸೇರಿಸಿದರು. ಕಿವುಡ ಮತ್ತು ಅಂಧ ಮಕ್ಕಳ ಶಾಲೆ. ಅಲ್ಲೇ ಉಳಿದು ಓದಬೇಕು. ಅಲ್ಲಿಯೂ ಬಿಳಿಯ ಮಕ್ಕಳು ಒಂದು ಕಡೆ, ಕಪ್ಪು ಮಕ್ಕಳು ಇನ್ನೊಂದು ಕಡೆ! ಬಣ್ಣವೇ ಕಾಣದ ಮಕ್ಕಳನ್ನು ಬಣ್ಣ ನೋಡಿ ಬೇರೆ ಮಾಡಿದ ಜಾಣತನಕ್ಕೆ ಏನೆನ್ನೋಣ?

ಶಾಲೆಯಲ್ಲಿ ಬ್ರೈಲ್ ಸಂಗೀತ ಕಲಿತರು. ಬ್ರೈಲ್ ಎಂದರೆ ಕಾಗದದ ಮೇಲೆ ಉಬ್ಬಿದ ಚುಕ್ಕೆಗಳು. ಬೆರಳಿನಿಂದ ತಡವಿ ಓದಬೇಕು. ಆರು ಚುಕ್ಕೆಗಳ ಜೋಡಣೆಯಲ್ಲೇ ಅಕ್ಷರವನ್ನೂ ಬರೆಯಬಹುದು, ಸ್ವರವನ್ನೂ ಬರೆಯಬಹುದು. ಈಗ ಒಂದು ಕಷ್ಟ ನೋಡಿ. ಪಿಯಾನೋ ನುಡಿಸಲು ಎರಡು ಕೈ ಬೇಕು. ಓದಲೂ ಕೈಯೇ ಬೇಕು. ಆದ್ದರಿಂದ ಒಂದು ಕೈಯಲ್ಲಿ ಸ್ವಲ್ಪ ಓದುವುದು, ಇನ್ನೊಂದು ಕೈಯಲ್ಲಿ ಅದನ್ನು ನುಡಿಸಿ ಬಾಯಿಪಾಠ ಮಾಡುವುದು. ಆಮೇಲೆ ಇನ್ನೊಂದು ಕೈಯ ಪಾಠ. ಎರಡೂ ನೆನಪಿನಲ್ಲಿ ಕೂತ ಮೇಲೆ ಒಟ್ಟಿಗೆ ನುಡಿಸುವುದು. ಹೀಗೇ ಬಾಕ್, ಬೀಥೋವನ್ ಎಲ್ಲರನ್ನೂ ಕಲಿತರು. ನೋಟ್‌ಬುಕ್ ಎದುರಿಗಿದ್ದೂ ಮಗ್ಗಿ ತಪ್ಪುವ ನಮ್ಮ ಮನೆಯ ಕೆಲವರು ಇದನ್ನು ಎರಡು ಸಲ ಓದಲಿ.

ಮೇಷ್ಟ್ರು ಕಲಿಸಿದ್ದು ಒಂದಾದರೆ ಕಿವಿ ಕದ್ದು ಕೇಳಿದ್ದು ಹತ್ತು. ಭಾನುವಾರ ಚರ್ಚಿನಲ್ಲಿ ಮೈಮರೆತು ಹಾಡುವ ದೇವರ ಪದ. ಮಿಸ್ಟರ್ ಪಿಟ್ ಅಂಗಡಿಯ ಜ್ಯೂಕ್‌ಬಾಕ್ಸಿನಲ್ಲಿ ಬ್ಲೂಸ್, ಅಂದರೆ ಕಪ್ಪು ಜನರ ನೋವು ನಲಿವಿನ ಹಾಡು. ಶನಿವಾರ ರಾತ್ರಿ ರೇಡಿಯೋದಲ್ಲಿ ಗ್ರ್ಯಾಂಡ್ ಓಲ್ ಓಪ್ರಿ ಎಂಬ ಕಾರ್ಯಕ್ರಮ. ಅದು ಬಿಳಿಯ ರೈತಾಪಿ ಜನರ ಹಳ್ಳಿ ಹಾಡು. ಅದನ್ನು ಕೇಳಲು ಮಾತ್ರ ಅಮ್ಮ ತಡವಾಗಿ ಮಲಗಲು ಬಿಡುತ್ತಿದ್ದರು. ಆರ್ಟಿ ಶಾ ಎಂಬ ಜಾಸ್ ವಾದಕರನ್ನು ಕೇಳಿ ಕ್ಲಾರಿನೆಟ್ಟನ್ನೂ ಕಲಿತರು.

1945ರಲ್ಲಿ ತಾಯಿ ತೀರಿಕೊಂಡರು. ರೇಗೆ ಆಗ 14 ವರ್ಷ. ದಿನಗಟ್ಟಲೆ ಅಳಲೂ ಆಗದೆ, ಉಣ್ಣಲೂ ಆಗದೆ ಕಲ್ಲಿನಂತೆ ಕುಳಿತುಬಿಟ್ಟರು. ಕೊನೆಗೆ ಊರಿನ ಹಿರಿಯ ಹೆಂಗಸೊಬ್ಬರು ಪಕ್ಕ ಕುಳಿತು, ನಿನ್ನಮ್ಮ ಇಷ್ಟು ದಿನ ನಿನ್ನನ್ನು ತಯಾರು ಮಾಡಿದ್ದು ಈ ದಿನಕ್ಕೇ ಅಲ್ಲವೇ ಎಂದು ಹೇಳಿದ ಮೇಲೆ ಅಳು ಒಡೆಯಿತು.

ಮತ್ತೆ ಶಾಲೆಗೆ ಹೋಗಲಿಲ್ಲ. ಫ್ಲಾರಿಡಾದ ಊರೂರಿನಲ್ಲಿ ಬ್ಯಾಂಡುಗಳ ಜೊತೆ ಪಿಯಾನೋ ನುಡಿಸಿದರು. ಹೊಟ್ಟೆಗಿಲ್ಲದ ದಿನಗಳೂ ಇದ್ದವು. 1948ರಲ್ಲಿ ಗೆಳೆಯನಿಗೆ, ನಕ್ಷೆ ತೆಗೆದು ಇಲ್ಲಿಂದ ತೀರಾ ದೂರವಿರುವ ದೊಡ್ಡ ಊರು ಯಾವುದು ನೋಡು ಎಂದರಂತೆ. ಅವನ ಬೆರಳು ಸಿಯಾಟಲ್ ಮೇಲೆ ನಿಂತಿತು. ದೇಶದ ಇನ್ನೊಂದು ಮೂಲೆ, ಸುಮಾರು 5,000 ಕಿಲೋಮೀಟರ್. 17 ವರ್ಷದ, ಕಣ್ಣಿಲ್ಲದ ಹುಡುಗ ಬಸ್ಸು ಹತ್ತಿ ಹೊರಟ! ಓದಿದಾಗ ನನಗೆ ಹೊಟ್ಟೆಯಲ್ಲಿ ತಳಮಳವಾಯಿತು. ಅಜ್ಜಿಯಂದಿರೇ, ನಿಮಗೂ ಆಗುತ್ತದೆ ಬಿಡಿ.

ಸಿಯಾಟಲ್‌ನಲ್ಲಿ ತನಗಿಂತ ಎರಡೂವರೆ ವರ್ಷ ಚಿಕ್ಕವನಾದ ಕ್ವಿನ್ಸಿ ಜೋನ್ಸ್ ಎಂಬ ಹುಡುಗ ಗೆಳೆಯನಾದ. ಬ್ಯಾಂಡಿನ ಪ್ರತಿ ವಾದ್ಯಕ್ಕೂ ಸ್ವರ ಬರೆದುಕೊಡುವುದು ಹೇಗೆಂದು ರೇ ಅವನಿಗೆ ಹೇಳಿಕೊಟ್ಟರು. ಆ ಕ್ವಿನ್ಸಿಯೇ ಮುಂದೆ ಮೈಕಲ್ ಜಾಕ್ಸನ್ನರ "ಥ್ರಿಲ್ಲರ್" ಆಲ್ಬಮ್ ನಿರ್ಮಿಸಿದವರು. ಮಿಸ್ಟರ್ ಪಿಟ್ ಅಂಗಡಿಯ ಪಾಠ ಎಲ್ಲಿಗೆ ಹೋಯಿತು ನೋಡಿ.

ಆಗ ರೇ, ನ್ಯಾಟ್ ಕಿಂಗ್ ಕೋಲ್ ಎಂಬ ಪ್ರಸಿದ್ಧ ಗಾಯಕರ ದನಿಯನ್ನು ಥೇಟ್ ಅನುಕರಿಸಿ ಹಾಡುತ್ತಿದ್ದರು. ಜನ ಮೆಚ್ಚಿದರು, ಕೂಲಿ ಸಿಕ್ಕಿತು. ಆದರೆ ಒಂದು ದಿನ ಹೊಳೆಯಿತು: ಹುಡುಗ ನ್ಯಾಟ್ ಹಾಗೆ ಹಾಡುತ್ತಾನೆ ಎನ್ನುತ್ತಾರೆಯೇ ಹೊರತು, ನನ್ನ ಹೆಸರು ಯಾರಿಗೂ ಗೊತ್ತಿಲ್ಲವಲ್ಲ!

ಸ್ವಂತ ದನಿ ಸಿಗಲು ವರ್ಷಗಳೇ ಹಿಡಿದವು. 1954ರಲ್ಲಿ "ಐ ಗಾಟ್ ಎ ವುಮನ್" ಎಂಬ ಹಾಡನ್ನು ಧ್ವನಿಮುದ್ರಿಸಿದರು. ಧಾಟಿ ಚರ್ಚಿನ ದೇವರ ಪದದ್ದು, ಮಾತು ಪ್ರೇಮದ್ದು. ನಮ್ಮ ಕಡೆ ಸಿನಿಮಾ ಹಾಡಿನ ಮಟ್ಟಿಗೆ ಭಜನೆ ಕೂರಿಸುವುದನ್ನು ಕೇಳಿದ್ದೀರಲ್ಲ, ಇದು ಅದರ ತಿರುಗುಮುರುಗು. ಭಕ್ತರು ಸಿಟ್ಟಾದರು. ದೇವರ ಹಾಡನ್ನು ಕೆಡಿಸಿದ ಎಂದರು. ಆದರೆ ಹಾಡು ಗೆದ್ದಿತು. ಸೋಲ್ ಎಂದು ಇಂದು ಕರೆಯುವ ಸಂಗೀತ ಬೆಳೆದದ್ದು ಇಂಥ ಹಾಡುಗಳಿಂದಲೇ. ಶನಿವಾರ ರಾತ್ರಿ ಕೇಳಿದ ಹಳ್ಳಿ ಹಾಡನ್ನೂ ಬಿಡಲಿಲ್ಲ. 1962ರಲ್ಲಿ ಅಂಥ ಹಾಡುಗಳದ್ದೇ ಒಂದು ಆಲ್ಬಮ್ ತಂದರು.

ಇನ್ನೊಂದು ಸಂಗತಿ ಹೇಳದೆ ಬಿಡಲಾರೆ. 1961ರಲ್ಲಿ ಜಾರ್ಜಿಯಾದ ಆಗಸ್ಟಾ ಊರಿನಲ್ಲಿ ಕಾರ್ಯಕ್ರಮ. ಕೆಳಗಿನ ಅಂಗಳ ಬಿಳಿಯರಿಗೆ ಮಾತ್ರ, ಕಪ್ಪು ಜನ ಮೇಲಿನ ಬಾಲ್ಕನಿಯಲ್ಲಿ ಕೂರಬೇಕು ಎಂದು ವಿದ್ಯಾರ್ಥಿಗಳು ತಿಳಿಸಿದರು. ರೇ ಹಾಡಲು ಒಪ್ಪಲಿಲ್ಲ. ಮಾತು ತಪ್ಪಿದ್ದಕ್ಕೆ ದಂಡ ಕಟ್ಟಿದರು. ಅವರ ಮೇಲಿನ ಸಿನಿಮಾದಲ್ಲಿ ಜಾರ್ಜಿಯಾ ರಾಜ್ಯವೇ ಅವರನ್ನು ಬಹಿಷ್ಕರಿಸಿದಂತೆ ತೋರಿಸಿದ್ದಾರೆ. ಹಾಗೇನೂ ಆಗಿರಲಿಲ್ಲ. 1979ರಲ್ಲಿ ಅದೇ ರಾಜ್ಯದ ಶಾಸನಸಭೆ ಅವರನ್ನು ಕರೆಸಿ "ಜಾರ್ಜಿಯಾ ಆನ್ ಮೈ ಮೈಂಡ್" ಹಾಡಿಸಿತು. ಆ ವರ್ಷವೇ ಅದು ನಾಡಗೀತೆಯಾಯಿತು. ರೇ 2004ರಲ್ಲಿ ತೀರಿಕೊಂಡರು.

ಸರಿ, ನಮ್ಮ ಪುಟ್ಟನ ವಿಷಯ. ನಿನ್ನೆ ಬಾಗಿಲಲ್ಲಿ ನಿಂತು ಕರೆದೆ. ಬರಲಿಲ್ಲ. "ಅಜ್ಜಿ ಬೈತಾರೆ" ಎಂದು ಅವರಮ್ಮನ ಸೆರಗಿನ ಹಿಂದೆ ಅಡಗಿಕೊಂಡ. ನನಗೆ ಬೇಕಾದದ್ದೇ. ಕಸೂತಿ ಬಟ್ಟೆ ಮಡಚಿ ಬೀರುವಿನಲ್ಲಿಟ್ಟಿದ್ದೇನೆ. ಇವತ್ತು ಸಂಜೆ ಬಾಗಿಲು ತೆರೆದಿಟ್ಟು, ಅವನಿಗೆ ಕೇಳಿಸುವಷ್ಟು ಜೋರಾಗಿ ನಾನೇ ನುಡಿಸುತ್ತಾ ಕೂರುತ್ತೇನೆ. ಬಂದನೋ ಇಲ್ಲವೋ ಮುಂದಿನ ವಾರ ಬರೆಯುತ್ತೇನೆ.