ಬಂದವರು ಉಳಿಯಬೇಕಾದರೆ

ನಂಜನಗೂಡು ತಾಲ್ಲೂಕಿನ ಬಿಳಿಗೆರೆಯ ಕಡೆಯ ತರುಣನೊಬ್ಬ ಮೈಸೂರಿನಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುತ್ತಿದ್ದಾನೆ. ಅವನ ಮನೆಯವರು ಈ ಪತ್ರಿಕೆಯ ಬಹುಕಾಲದ ಓದುಗರು. ಕಳೆದ ತಿಂಗಳು ಅವನಿಂದ ನಮಗೊಂದು ದೀರ್ಘ ಪತ್ರ ಬಂದಿತು. ಅವನೂ ಅವನ ನಾಲ್ಕಾರು ಗೆಳೆಯರೂ ಸೇರಿ ವಿದ್ಯಾರ್ಥಿಗಳ ಒಂದು ಕೂಟವನ್ನು ಕಟ್ಟಿದ್ದಾರೆ. ಕೈಯಲ್ಲಿ ನಕ್ಷೆ, ದಿಕ್ಸೂಚಿ ಹಿಡಿದು, ಗೊತ್ತಿಲ್ಲದ ನೆಲದಲ್ಲಿ ಗುರುತುಗಳನ್ನು ಹುಡುಕುತ್ತ ಸಾಗುವ ಆಟ ಅವರದು. ಓರಿಯೆಂಟೀರಿಂಗ್ ಎಂದು ಅದರ ಹೆಸರು. ಮೊದಲ ಸಭೆಗೆ ಕೊಠಡಿ ತುಂಬಿತ್ತಂತೆ. ದಸರೆ ಕಳೆಯುವ ಹೊತ್ತಿಗೆ ಉಳಿದವರನ್ನೆಲ್ಲ ಒಂದು ಆಟೋರಿಕ್ಷಾದಲ್ಲಿ ಕೂರಿಸಬಹುದಾಗಿತ್ತು ಎಂದು ಬರೆದಿದ್ದಾನೆ. ಹೊಸಬರನ್ನು ಕರೆತರುವುದು ಹೇಗೆ, ಬಂದವರನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದು ಅವನ ಪ್ರಶ್ನೆ. ಶಾಸ್ತ್ರ ಓದಿದ ನಮ್ಮನ್ನು ಇದನ್ನು ಕೇಳುವುದು ಸರಿಯೋ ಅಲ್ಲವೋ ಎಂಬ ಸಂಕೋಚವೂ ಪತ್ರದಲ್ಲಿದೆ.

ಸಂಕೋಚ ಬೇಡ. ಬಂದವರು ನಿಲ್ಲುವುದಿಲ್ಲ ಎಂಬುದು ಭಜನಾ ಮಂಡಲಿಯಿಂದ ಸಹಕಾರ ಸಂಘದವರೆಗೆ ಎಲ್ಲರ ಅಳಲು. ನಾವು ಮಠದ ಪಾಠಶಾಲೆಯಲ್ಲಿದ್ದ ಕಾಲದಲ್ಲಿಯೂ ಆಷಾಢದಲ್ಲಿ ಬಂದ ಬಾಲಕರಲ್ಲಿ ಎಷ್ಟೋ ಮಂದಿ ಕಾರ್ತಿಕಕ್ಕೆ ಮೊದಲೇ ಗಂಟುಮೂಟೆ ಕಟ್ಟುತ್ತಿದ್ದರು. ಉಳಿದವರು ಹೆಚ್ಚು ಬುದ್ಧಿವಂತರೇನೂ ಆಗಿರಲಿಲ್ಲ. ಮೊದಲ ವಾರದಲ್ಲಿ ಯಾರೋ ಒಬ್ಬರು ಅವರ ಪಕ್ಕದಲ್ಲಿ ಕುಳಿತು ಉಂಡಿದ್ದರು, ಅಷ್ಟೆ.

ಈ ಆಟದ ಚರಿತ್ರೆಯನ್ನು ನೋಡಿದರೆ ತರುಣನಿಗೆ ಒಂದಿಷ್ಟು ಸಮಾಧಾನವೂ ದೊರೆಯುತ್ತದೆ. ಸಾರ್ವಜನಿಕರಿಗೆಂದು ಇದರ ಮೊದಲ ಸ್ಪರ್ಧೆ ನಡೆದುದು 1897ರ ಅಕ್ಟೋಬರ್ 31ರಂದು, ನಾರ್ವೆ ದೇಶದಲ್ಲಿ, ಈಗ ಓಸ್ಲೋ ಎನಿಸಿಕೊಂಡಿರುವ ನಗರದ ಸಮೀಪ. ಅದರಲ್ಲಿ ಓಡಿದವರು ಕೇವಲ 8 ಮಂದಿ. ಅವರೂ ಒಂದು ಆಟೋರಿಕ್ಷಾದ ಲೆಕ್ಕವೇ! ಮುಂದೆ ಮೊದಲ ಮಹಾಯುದ್ಧದ ಕೊನೆಯ ಹೊತ್ತಿಗೆ ಸ್ವೀಡನ್ನಿನ ಸೇನಾಧಿಕಾರಿ ಅರ್ನ್‌ಸ್ಟ್ ಕಿಲ್ಲಾಂಡರ್ ಎಂಬಾತ ಸ್ಕೌಟ್ ಚಳವಳಿಯಲ್ಲಿಯೂ ದುಡಿಯುತ್ತಿದ್ದ. ಓಟದ ಮೈದಾನಕ್ಕೆ ಬರುವ ಯುವಕರ ಸಂಖ್ಯೆ ಇಳಿಯುತ್ತಿರುವುದು ಅವನ ಗಮನಕ್ಕೆ ಬಂದಿತು. ಒಂದೇ ವೃತ್ತದಲ್ಲಿ ಸುತ್ತಿ ಸುತ್ತಿ ಓಡುವುದು ಅವರಿಗೆ ಬೇಸರವಾಗಿದ್ದರೆ ಕಾಡುಮೇಡುಗಳಿಗೇ ಅವರನ್ನು ಕರೆದೊಯ್ಯೋಣವೆಂದು ನಿಶ್ಚಯಿಸಿ, 1919ರ ಮಾರ್ಚ್ 25ರಂದು ಸ್ಟಾಕ್‌ಹೋಮಿನ ಬಳಿ ದೊಡ್ಡ ಸ್ಪರ್ಧೆಯೊಂದನ್ನು ಏರ್ಪಡಿಸಿದ. ಇನ್ನೂರಕ್ಕೂ ಹೆಚ್ಚು ಮಂದಿ ಬಂದರು. ಆಟದ ನಿಯಮಗಳನ್ನೂ, ನಕ್ಷೆಗೆ ತಕ್ಕ ಹಾದಿಯನ್ನು ಆಯುವ ಕ್ರಮವನ್ನೂ ರೂಪಿಸಿದವನು ಅವನೇ. 1961ರಲ್ಲಿ ಕೋಪನ್‌ಹೇಗನ್ನಿನಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಸ್ಥಾಪಿತವಾಯಿತು. ಎಂದ ಮೇಲೆ ನಮ್ಮ ತರುಣ ಕೇಳಿರುವ ಪ್ರಶ್ನೆಯ ಹೊಟ್ಟೆಯಲ್ಲಿಯೇ ಈ ಆಟ ಹುಟ್ಟಿದೆ ಎನ್ನಬೇಕು.

ಆಟವನ್ನು ಅರಿಯದ ಹಿರಿಯರಿಗಾಗಿ ಎರಡು ಮಾತು. ಓಡುವವನ ಕೈಗೆ ದೊಡ್ಡ ಪ್ರಮಾಣದ ನಕ್ಷೆಯೊಂದನ್ನು ಕೊಡುತ್ತಾರೆ. ಸಾಮಾನ್ಯವಾಗಿ 1:10,000 ಅಥವಾ 1:15,000. ಅಂದರೆ ಮೊದಲನೆಯದರಲ್ಲಿ ನೆಲದ 100 ಮೀಟರು ಕಾಗದದಲ್ಲಿ 1 ಸೆಂಟಿಮೀಟರು. ಬಂಡೆ, ಹಳ್ಳ, ಬೇಲಿ, ಪೊದೆ, ಏರುತಗ್ಗು ಎಲ್ಲವೂ ಅದರಲ್ಲಿ ಇರುತ್ತವೆ. ನಕ್ಷೆಯ ಮೇಲೆ ವೃತ್ತ ಹಾಕಿದ ತಾಣಗಳಲ್ಲಿ ಬಿಳಿ ಮತ್ತು ಕಿತ್ತಳೆ ಬಣ್ಣದ ಗುರುತುಗಳು ತೂಗುತ್ತಿರುತ್ತವೆ. ಅವನ್ನು ಹೇಳಿದ ಕ್ರಮದಲ್ಲಿ ಮುಟ್ಟಿ ಹಿಂದಿರುಗಬೇಕು. ಯಾವ ದಾರಿಯಲ್ಲಿ ಹೋಗಬೇಕೆಂದು ಹೇಳುವವರಿಲ್ಲ. ಕಾಲಿನ ವೇಗಕ್ಕಿಂತ ತಲೆಯ ನೆಮ್ಮದಿ ಇಲ್ಲಿ ಮುಖ್ಯ.

ಇನ್ನು ಪತ್ರದ ವಿಚಾರ. ಸದಸ್ಯರು ಏಕೆ ಬಿಟ್ಟರೆಂಬುದಕ್ಕೆ ತರುಣ ಕೊಟ್ಟಿರುವ ಕಾರಣಗಳು ಹಲವು: ಪರೀಕ್ಷೆ, ಮೊಬೈಲು, ಸೋಮಾರಿತನ, ಭಾನುವಾರದ ನಿದ್ದೆ. ಇವು ಕಾರಣಗಳಲ್ಲ, ನೆಪಗಳು. ನಿಜವಾದ ಕಾರಣ ಅವನ ಪತ್ರದ ನಡುವೆಯೇ, ಅವನಿಗರಿಯದಂತೆ, ಒಂದು ವಾಕ್ಯದಲ್ಲಿ ಕುಳಿತಿದೆ. ಮೊದಲ ಹೊರಸಂಚಾರಕ್ಕೆ ‘ಸ್ವಾರಸ್ಯವಿರಲೆಂದು’ ಕಲ್ಲುಬಂಡೆಗಳ ಕಠಿಣ ಜಾಗವನ್ನು ಆರಿಸಿಕೊಂಡರಂತೆ. ಹಳಬರು ಮುಂದೆ ಓಡಿಹೋದರಂತೆ. ಹೊಸಬರಲ್ಲಿ ಅನೇಕರು ಎರಡನೆಯ ಗುರುತನ್ನೂ ಕಾಣದೆ ಬಿಸಿಲಲ್ಲಿ ಅಲೆದು, ಕೊನೆಗೆ ಯಾರೋ ದನ ಕಾಯುವವರನ್ನು ಕೇಳಿಕೊಂಡು ರಸ್ತೆಗೆ ಬಂದರಂತೆ. ‘ಆ ದಿನ ಬಹಳ ನಕ್ಕೆವು’ ಎಂದು ಬರೆದಿದ್ದಾನೆ. ನಕ್ಕವರು ಯಾರು? ದಾರಿ ಬಲ್ಲವರು. ದಾರಿ ತಪ್ಪಿದವನು ಅಂದು ನಕ್ಕಿರಬಹುದು. ಮುಂದಿನ ಭಾನುವಾರ ಬರಲಿಲ್ಲ. ಹದಿನೆಂಟರ ಹರೆಯದವನಿಗೆ ದಣಿವು ಸಹ್ಯ, ಹಸಿವೂ ಸಹ್ಯ. ಹತ್ತು ಜನರೆದುರು ದಡ್ಡನೆನಿಸಿಕೊಳ್ಳುವುದು ಸಹ್ಯವಲ್ಲ.

ಆದುದರಿಂದ ಮೊದಲ ಭಾನುವಾರವನ್ನು ಸೋಲಲು ಸಾಧ್ಯವೇ ಇಲ್ಲದಂತೆ ರೂಪಿಸಬೇಕು. ಅದಕ್ಕೆ ಬೆಟ್ಟ ಬೇಕಾಗಿಲ್ಲ. 1960ರಲ್ಲಿ, ಕುವೆಂಪು ಅವರು ಕುಲಪತಿಗಳಾಗಿದ್ದಾಗ, ತೆರೆದ ಮಾನಸಗಂಗೋತ್ರಿಯ ವಿಶಾಲ ಆವರಣವಿದೆ. ಪಕ್ಕದಲ್ಲೇ ಕುಕ್ಕರಹಳ್ಳಿ ಕೆರೆಯ ಏರಿಯಿದೆ. ಅನುಮತಿ ಪಡೆದು, ಅಲ್ಲಿಯ ಮರ, ಮೆಟ್ಟಿಲು, ಕವಲುದಾರಿಗಳಲ್ಲೇ ಆರೇಳು ಗುರುತುಗಳನ್ನಿಟ್ಟರೆ ಒಂದು ಗಂಟೆಯ ಸೊಗಸಾದ ಆಟವಾಗುತ್ತದೆ. ಹೊಸಬರು ಇಬ್ಬಿಬ್ಬರಾಗಿ ಹೋಗಲಿ. ಹಳಬನೊಬ್ಬ ಜೊತೆಗಿರಲಿ, ಆದರೆ ಹಿಂದೆ; ಮುಂದೆ ನಡೆದರೆ ಹೊಸಬ ನಕ್ಷೆಯನ್ನು ನೋಡುವುದಿಲ್ಲ, ಹಳಬನ ಬೆನ್ನನ್ನು ನೋಡುತ್ತಾನೆ. ದಿಕ್ಸೂಚಿಯ ಶಾಸ್ತ್ರವನ್ನೆಲ್ಲ ಮೊದಲ ದಿನವೇ ಬೋಧಿಸುವ ಅಗತ್ಯವೂ ಇಲ್ಲ. ಭೂಪಟದ ಉತ್ತರಕ್ಕೂ ಸೂಜಿಯ ಉತ್ತರಕ್ಕೂ ಇರುವ ಅಂತರ ನಮ್ಮ ಸೀಮೆಯಲ್ಲಿ 2 ಡಿಗ್ರಿಗಿಂತ ಕಡಿಮೆ. ಅದಕ್ಕಾಗಿ ಒಂದು ಗಂಟೆ ಕರಿಹಲಗೆಯ ಮುಂದೆ ಕೂರಿಸುವವರು ಬೋಧಿಸುವುದು ತಮ್ಮ ತೃಪ್ತಿಗಾಗಿಯೇ ಹೊರತು ಕೇಳುವವನ ಹಿತಕ್ಕಾಗಿ ಅಲ್ಲ.

ಸ್ವೀಡನ್ನಿನವರು ಈ ಗುಟ್ಟನ್ನು ಬಲು ಮೊದಲೇ ಅರಿತರು. ಅಲ್ಲಿಯ ಓ-ರಿಂಗೆನ್ ಎಂಬ ವಾರ್ಷಿಕ ಉತ್ಸವ 1965ರಲ್ಲಿ 156 ಮಂದಿಯಿಂದ ಆರಂಭವಾಯಿತು. ಇಪ್ಪತ್ತು ವರ್ಷಗಳಲ್ಲಿ ಸಂಖ್ಯೆ ಇಪ್ಪತ್ತು ಸಾವಿರವನ್ನು ಮೀರಿತು. ಅದರ ಮರ್ಮವಿಷ್ಟೆ: ಒಂದೇ ಕಾಡಿನಲ್ಲಿ ಒಂದೇ ದಿನ ಹತ್ತು ವರ್ಷದ ಮಗುವಿಗೊಂದು ಹಾದಿ, ಅದರ ತಾಯಿಗೊಂದು, ಅಜ್ಜನಿಗೊಂದು, ಜಗಜಟ್ಟಿಗೊಂದು. ಎಲ್ಲರೂ ತಮ್ಮ ತಮ್ಮ ಹಾದಿಯನ್ನು ಮುಗಿಸಿ ಒಂದೇ ಬಯಲಲ್ಲಿ ಬಂದು ಕೂರುತ್ತಾರೆ.

ಹಳ್ಳಿಯ ಮಕ್ಕಳು ಈ ಕೂಟವನ್ನು ಬೇಗ ಬಿಡುತ್ತಾರೆ ಎಂದು ತರುಣ ಬರೆದಿರುವುದನ್ನು ಓದಿ ನಮಗೆ ಆಶ್ಚರ್ಯವಾಯಿತು. ನೆಲವನ್ನು ಓದುವುದರಲ್ಲಿ ಅವರಿಗಿಂತ ಮುಂದಿರುವವರು ಯಾರು? ಬಿಳಿಗೆರೆಯ ಬಾಲಕನಿಗೆ ಗದ್ದೆಯ ಬದು, ನಾಲೆಯ ತೂಬು, ಬಂಡಿಜಾಡು, ಕಬ್ಬಿನ ತೋಟದ ನಡುವಣ ಕಾಲುದಾರಿ ಕಲಿಸದೆ ಬಂದ ವಿದ್ಯೆ. ಅವನ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ಜಮೀನಿನ ಸರ್ವೆ ನಕ್ಷೆ ಮಡಿಸಿಟ್ಟಿರುತ್ತದೆ. ಬಾಂದುಕಲ್ಲು ಎಲ್ಲಿದೆ ಎಂಬುದು ಅಜ್ಜನಿಗೆ ಕತ್ತಲಲ್ಲಿಯೂ ಗೊತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯನ್ನು ಅಳೆಯಹೊರಟನು. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನಲ್ಲಿ ಆಧಾರರೇಖೆಯನ್ನು ಎಳೆದು ತ್ರಿಕೋನಗಳ ಸರಪಣಿಯನ್ನು ಮೈಸೂರು ಸೀಮೆಯ ಮೇಲೆ ಹಾಯಿಸಿ ಪಶ್ಚಿಮ ಕರಾವಳಿಯವರೆಗೆ ಒಯ್ದನು. ಹೀಗೆ ನಕ್ಷೆಯೆಂಬುದು ನಮ್ಮ ಸೀಮೆಗೆ ಹೊಸತಲ್ಲ. ಒಂದು ಕಾಲದಲ್ಲಿ ಸರ್ಕಾರಿ ನಕ್ಷೆ ಪಡೆಯುವುದೇ ಕಷ್ಟವಾಗಿತ್ತು. 2017ರಿಂದ ಭಾರತೀಯ ಸರ್ವೇಕ್ಷಣ ಇಲಾಖೆ ತನ್ನ 1:50,000 ಪ್ರಮಾಣದ ನಕ್ಷೆಗಳನ್ನು ನಾಗರಿಕರಿಗೆ ಉಚಿತವಾಗಿ ಒದಗಿಸತೊಡಗಿತು. ಆ ವ್ಯವಸ್ಥೆಗೆ ‘ನಕ್ಷೆ’ ಎಂದೇ ಹೆಸರಿಟ್ಟರು. ಹಳ್ಳಿಯ ವಿದ್ಯಾರ್ಥಿ ಕೂಟವನ್ನು ಬಿಡುವುದು ನೆಲದ ಭಯದಿಂದಲ್ಲ. ಅಲ್ಲಿಯ ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯುವುದರಿಂದ, ಹಳಬರ ಕಾಲಿನ ಬೂಟು ಅವನ ಚಪ್ಪಲಿಯನ್ನು ನೋಡುವುದರಿಂದ. ನಕ್ಷೆಯ ಸಂಕೇತಗಳಿಗೆ ಕನ್ನಡದಲ್ಲಿ ಹೆಸರಿಡಿ. ಮೇಡು, ಕೊರಕಲು, ದಿಣ್ಣೆ, ಹೊಂಡ, ಕವಲು: ಇವಕ್ಕಿಂತ ಒಳ್ಳೆಯ ಮಾತುಗಳು ಎಲ್ಲಿ ಸಿಕ್ಕಾವು? ಬೂಟಿನ ಮಾತನ್ನು ಮೊದಲ ವರ್ಷ ಎತ್ತಲೇಬೇಡಿ.

ಪ್ರಮಾಣಪತ್ರ ಕೊಟ್ಟರೆ ಜನ ನಿಲ್ಲುವರೇ ಎಂದೂ ಕೇಳಿದ್ದಾನೆ. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ವರ್ಷಕ್ಕೆ 120 ಗಂಟೆಗಳ ಸೇವೆಯ ನಿಯಮವಿದೆ, ಏಳು ದಿನಗಳ ಶಿಬಿರವಿದೆ, ಎನ್.ಸಿ.ಸಿ.ಯಲ್ಲಿ ‘ಬಿ’, ‘ಸಿ’ ಪರೀಕ್ಷೆಗಳಿವೆ, ನಕ್ಷೆ ಓದುವ ಪಾಠವೂ ಇದೆ. ನಮ್ಮ ದೇಶದಲ್ಲಿ ಈ ಆಟ ಬಹುಮಟ್ಟಿಗೆ ಸೇನೆಯ ಅಂಗಳದಲ್ಲೇ ಬೆಳೆದುದಕ್ಕೆ ಅಲ್ಲಿಯ ಶಿಸ್ತೂ ಕಾರಣ. ಆ ಸಂಸ್ಥೆಗಳಿಗೆ ಪ್ರಮಾಣಪತ್ರ ಒಪ್ಪುತ್ತದೆ. ಆದರೆ ಕಾಗದ ಹೆಸರನ್ನು ಹಾಜರಿ ಪುಸ್ತಕದಲ್ಲಿ ಹಿಡಿದಿಡಬಲ್ಲುದು, ಮನುಷ್ಯನನ್ನಲ್ಲ. ಎನ್.ಸಿ.ಸಿ. ಮುಗಿಸಿದ ಹುಡುಗರನ್ನು ಕೂಟಕ್ಕೆ ಕರೆಯುವುದು ಮಾತ್ರ ಒಳ್ಳೆಯ ಉಪಾಯ. ದಿಕ್ಸೂಚಿ ಅವರ ಕೈಗೆ ಆಗಲೇ ಪಳಗಿರುತ್ತದೆ.

ಮನುಷ್ಯನನ್ನು ಹಿಡಿದಿಡುವುದು ಯಾವುದೆಂದು ತಿಳಿಯಬೇಕಾದರೆ ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ನಮ್ಮ ಸೀಮೆಯ ತಂಡಗಳನ್ನು ನೋಡಬೇಕು. ಶಿವರಾತ್ರಿಗೆ ಕೊಳ್ಳೇಗಾಲ, ಹನೂರಿನ ಮಾರ್ಗವಾಗಿ ನಡೆದು ತಾಳುಬೆಟ್ಟದಿಂದ ಮೇಲೇರುವ ಈ ತಂಡಗಳಿಗೆ ನೋಂದಣಿಯಿಲ್ಲ, ಪದಾಧಿಕಾರಿಗಳಿಲ್ಲ. ಆದರೂ ಒಮ್ಮೆ ಹೋದವನು ಮರುವರ್ಷ ತಪ್ಪುವುದು ಅಪರೂಪ. ಭಕ್ತಿ ಇದಕ್ಕೆ ಮೂಲವೆಂಬುದು ನಿಜ. ಆದರೆ ನಾವು ಕಂಡ ಇನ್ನೊಂದು ಸಂಗತಿಯಿದೆ. ಮೊದಲ ಸಲ ಬಂದವನ ತಲೆಯ ಮೇಲೂ ಏನಾದರೊಂದು ಹೊರೆ ಇಡುತ್ತಾರೆ: ಅಕ್ಕಿಯ ಚೀಲ, ಪಾತ್ರೆ, ಇಲ್ಲವೇ ಹಿಂದುಳಿದ ಮುದುಕರೊಡನೆ ನಡೆಯುವ ಹೊಣೆ. ತಾನಿಲ್ಲದಿದ್ದರೆ ಒಂದು ಕೆಲಸ ನಿಲ್ಲುತ್ತದೆ ಎಂಬುದು ಅವನಿಗೆ ಮೊದಲ ರಾತ್ರಿಯೇ ತಿಳಿಯುತ್ತದೆ. ಕೂಟದವರೂ ಹಾಗೆಯೇ ಮಾಡಲಿ. ಮೂರನೆಯ ಸಲ ಬಂದವನ ಕೈಗೆ ಗುರುತುಗಳನ್ನು ನೆಟ್ಟುಬರುವ ಕೆಲಸ ಕೊಡಲಿ. ಐದನೆಯ ಸಲ ಬಂದವಳು ಒಂದು ಹಾದಿಯನ್ನು ತಾನೇ ರಚಿಸಲಿ. ಹಳಬರು ಬಿಟ್ಟುಕೊಡದೆ ಹೊಸಬರು ನಿಲ್ಲುವುದಿಲ್ಲ. ನಾಲ್ಕು ಮಂದಿ ಸ್ಥಾಪಕರೇ ಎಲ್ಲ ಕೆಲಸವನ್ನೂ ಮಾಡುವ ಕೂಟ ಅವರ ಪದವಿ ಮುಗಿದ ದಿನವೇ ಮುಗಿಯುತ್ತದೆ.

ಈಗ ನಮ್ಮ ಓದುಗ ಮನೆಗಳಿಗೆ ನೇರವಾಗಿ ಸಂಬಂಧಿಸಿದ ಮಾತು. ಬಿಟ್ಟುಹೋದವರಲ್ಲಿ ಹೆಣ್ಣುಮಕ್ಕಳೇ ಹೆಚ್ಚೆಂದು ತರುಣ ಬರೆದಿದ್ದಾನೆ. ಆಟ ಬೇಸರವಾಗಿ ಅಲ್ಲ, ಮನೆಯಲ್ಲಿ ಬೇಡವೆಂದರು. ತಂದೆತಾಯಿಗಳ ಭಯವನ್ನು ಹಗುರವಾಗಿ ಕಾಣುವವರು ನಾವಲ್ಲ. 2022ರ ಅಕ್ಟೋಬರಿನಿಂದ 2023ರ ಜನವರಿಯವರೆಗೆ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆಗಳ ದಾಳಿಗೆ ನಾಲ್ವರು ಬಲಿಯಾದರು. ಅವರಲ್ಲಿ ಇಬ್ಬರು ಕಾಲೇಜಿನಲ್ಲಿ ಓದುತ್ತಿದ್ದವರು. ಆ ಚಳಿಗಾಲದ ಸಂಜೆಗಳಲ್ಲಿ ಆ ಊರುಗಳ ಬೀದಿಗಳು ಬೇಗ ಬರಿದಾದುದನ್ನು ಬಲ್ಲ ತಾಯಿ, ‘ಬಂಡೆಗಳ ನಡುವೆ ಓಡುತ್ತೇನೆ’ ಎಂಬ ಮಗಳಿಗೆ ಹೂಂ ಎನ್ನುವುದು ಹೇಗೆ? ಕಪಿಲೆಯ ಮಡುಗಳ ಭಯ ಬೇರೆ ಇದೆ. ಇದಕ್ಕೆ ಉತ್ತರ ಕೊಡಬೇಕಾದವರು ಮಕ್ಕಳಲ್ಲ, ಕೂಟದವರು. ಅದೂ ಮಾತಿನಲ್ಲಲ್ಲ, ನಿಯಮದಲ್ಲಿ. ಸೂರ್ಯ ಏರಿದ ಮೇಲೆ ಆರಂಭ, ಮಧ್ಯಾಹ್ನದೊಳಗೆ ಮುಕ್ತಾಯ. ಕುರುಚಲು ಬೆಟ್ಟ, ಪಾಳುಗಣಿ, ಕಾಡಂಚುಗಳು ಅರಣ್ಯ ಇಲಾಖೆಯವರನ್ನು ಕೇಳದೆ ನಿಷಿದ್ಧ. ನದಿಗೂ ನಾಲೆಗೂ ಯಾರೂ ಇಳಿಯಕೂಡದು. ಹೊರಟವರ ಪಟ್ಟಿಯನ್ನೂ ಹಿಂದಿರುಗಿದವರ ಪಟ್ಟಿಯನ್ನೂ ಒಬ್ಬರೇ ತಾಳೆ ನೋಡಬೇಕು. ಕೊನೆಯವನು ಬರುವ ತನಕ ಯಾರೂ ಬುತ್ತಿ ಬಿಚ್ಚಬಾರದು. ಈ ನಿಯಮಗಳನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚುಹಾಕಿಸಿ ಪ್ರತಿ ಮನೆಗೂ ಕಳುಹಿಸಲಿ, ಅಧ್ಯಾಪಿಕೆಯೊಬ್ಬರ ಸಹಿಯೊಡನೆ.

ಇಷ್ಟಾದ ಮೇಲೆ ಹೊಣೆ ಮನೆಯವರ ಕಡೆಗೆ ತಿರುಗುತ್ತದೆ. ಗಂಡುಮಗ ರಾತ್ರಿ ಹನ್ನೊಂದಕ್ಕೆ ಬೈಕಿನಲ್ಲಿ ಮರಳಿದರೆ ಬಾಗಿಲು ತೆರೆಯುವ ನಾವು, ಮಗಳು ಹಗಲು ಹತ್ತಕ್ಕೆ ಗೆಳತಿಯರೊಡನೆ ಕೆರೆಯ ಏರಿಯ ಮೇಲೆ ನಡೆದರೆ ಕೈಯಡ್ಡ ಹಿಡಿಯುವುದು ಯಾವ ನ್ಯಾಯ? ನಾಳೆ ಅವಳು ಉದ್ಯೋಗಕ್ಕೆಂದು ಪರಿಚಯವಿಲ್ಲದ ನಗರಕ್ಕೆ ಹೋಗುವವಳು. ಎಲ್ಲಿದ್ದೇನೆ, ಎತ್ತ ಹೋಗಬೇಕು ಎಂಬುದನ್ನು ಯಾರನ್ನೂ ಕೇಳದೆ ನಿರ್ಧರಿಸುವ ಅಭ್ಯಾಸ ಅವಳಿಗೆ ಬೇಡವೇ? ಬಸ್ಸಿನ ದುಡ್ಡಿನ ಮಾತು 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದಾಗಲೇ ಮುಗಿಯಿತು. ಉಳಿದಿರುವುದು ‘ನಾಲ್ಕು ಜನ ಏನೆಂದಾರು’ ಎಂಬುದು. ಆ ನಾಲ್ಕು ಜನರಲ್ಲಿ ನಾವೂ ಒಬ್ಬರಾದರೆ ನಮ್ಮ ಮಾತು ಇದು: ಹೋಗಿಬರಲಿ.

ಖರ್ಚಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಹತ್ತು ಜನರಿಗೆ ನಾಲ್ಕು ದಿಕ್ಸೂಚಿ ಸಾಕು. ವರ್ಷದ ವಂತಿಗೆಯನ್ನು ಮೊದಲ ದಿನ ಕೇಳಬೇಡಿ. ಮೂರು ಸಲ ಬಂದ ಮೇಲೆ ಕೇಳಿದರೆ ಯಾರೂ ಇಲ್ಲವೆನ್ನುವುದಿಲ್ಲ. ಸೇರಿದ ಹತ್ತು ದಿನದೊಳಗೆ ಮೊದಲ ಆಟ ನಡೆಯಬೇಕು, ತಿಂಗಳು ಕಾದರೆ ಉತ್ಸಾಹ ಹಳಸುತ್ತದೆ. ಪರೀಕ್ಷೆಯ ತಿಂಗಳಲ್ಲಿ ಆಟ ನಿಲ್ಲಿಸಿದರೂ ಒಂದು ಸಂಜೆ ಎಲ್ಲರೂ ಕೂಡಿ ಚಹಾ ಕುಡಿಯುವುದನ್ನು ನಿಲ್ಲಿಸಬೇಡಿ. ಬಾರದವನಿಗೆ ಗುಂಪಿನ ಸಂದೇಶ ಸಾಲದು. ಒಬ್ಬರು ಅವನ ಕೊಠಡಿಗೆ ಹೋಗಿ ‘ಕಳೆದ ವಾರ ನೀನಿರಲಿಲ್ಲ’ ಎನ್ನಬೇಕು.

ಬಿಳಿಗೆರೆಯ ಹೊರವಲಯದಲ್ಲಿ ಒಂದು ದಿನದ ಆಟವನ್ನು ಏರ್ಪಡಿಸುವ ಯೋಚನೆಯೂ ತರುಣನಿಗಿದೆ. ಏರ್ಪಡಿಸಲಿ. ಆದರೆ ಕೊಯ್ಲು ಮುಗಿದು ಗದ್ದೆಗಳು ಒಣಗಿದ ಮೇಲೆ, ಸುತ್ತೂರಿನ ಜಾತ್ರೆಯ ದಿನಗಳನ್ನು ಬಿಟ್ಟು. ಆಗ ಊರವರಿಗೂ ಬಿಡುವಿಲ್ಲ, ಬಸ್ಸುಗಳಲ್ಲೂ ಜಾಗವಿಲ್ಲ. ಹೊಲದ ಒಡೆಯರನ್ನು ಮನೆಗೆ ಹೋಗಿ ಕೇಳಬೇಕು, ದೂರವಾಣಿಯಲ್ಲಲ್ಲ. ಗುರುತಿನ ಬಟ್ಟೆಯನ್ನು ಬಾಂದುಕಲ್ಲಿಗೆ ಕಟ್ಟಬೇಡಿ. ಸರ್ವೆಯವರು ಬಂದರೆಂದು ಊರಿನಲ್ಲಿ ಗದ್ದಲವಾದೀತು. ಹಿರಿಯರಿಗೂ ಒಂದು ಚಿಕ್ಕ ಹಾದಿ ಇರಲಿ, ಹೆಣ್ಣುಮಕ್ಕಳ ತಾಯಂದಿರನ್ನು ಅದಕ್ಕೆ ಮೊದಲು ಕರೆಯಿರಿ. ದಿನಾಂಕ ನಿಶ್ಚಯವಾದೊಡನೆ ನಮಗೆ ತಿಳಿಸಿದರೆ ಮೊಳಕಾಲು ಅನುಮತಿಸಿದಷ್ಟು ದೂರ ನಾವೂ ನಡೆಯುತ್ತೇವೆ. ನಕ್ಷೆಯ ಅಕ್ಷರ ಸ್ವಲ್ಪ ದಪ್ಪನಾಗಿರಲಿ.